ನೇರಳೆಯಾದ ನೀರು: ಹಳೇ ಫುಟ್‌ಬಾಲ್ ಆಟಗಾರನೊಬ್ಬನ ಅಂಚೆಚೀಟಿ ಸಂಗ್ರಹದ ಪ್ರಕರಣ

ಈ ಮನೆತನದ ಹೆಸರು, ಊರು, ಕ್ಲಬ್ಬು ಯಾವುದನ್ನೂ ಹೇಳುವುದಿಲ್ಲವೆಂಬ ಷರತ್ತಿನ ಮೇಲೆ ಇದನ್ನು ಬರೆಯಲು ಒಪ್ಪಿಗೆ ಸಿಕ್ಕಿದೆ. ಜರ್ಮನಿಯ ನೈರುತ್ಯ ಮೂಲೆ, ಒಂದು ಕಾಲಕ್ಕೆ ಬಾಡೆನ್ ಸಂಸ್ಥಾನವಾಗಿದ್ದ ಪ್ರದೇಶ ಎಂದಷ್ಟು ತಿಳಿದರೆ ಸಾಕು. ಸಂಗ್ರಹ ಮಾಡಿದ ಹಿರಿಯರನ್ನು ಮುತ್ತಜ್ಜ ಎಂದೇ ಕರೆಯುತ್ತೇನೆ, ಮನೆಯವರು ಕರೆಯುವುದೂ ಹಾಗೆಯೇ. ಉಳಿದವರು ಇಬ್ಬರು: ಅವರ ಮರಿಮಗಳಾದ ನಿವೃತ್ತ ಶಿಕ್ಷಕಿ, ಮತ್ತು ಆಕೆಯ ತಮ್ಮ. ಅಂಚೆಚೀಟಿ ಕೂಡಿಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಹಿರಿಯರು ಬಿಟ್ಟುಹೋದ ಪೆಟ್ಟಿಗೆ ಮುಂದಿಟ್ಟುಕೊಂಡು ಏನು ಮಾಡುವುದೆಂದು ಕೂತಿರುವವರಿಗೆ, ಇದು ಉಪಯೋಗಕ್ಕೆ ಬರಲಿ ಎಂಬ ಆಸೆ ನನ್ನದು.

ನಾನು ಇದರೊಳಗೆ ಬಂದದ್ದು ಕನ್ನಡದ ಒಂದು ಸಾಲಿನಿಂದ. ದಾವಣಗೆರೆ ಕಡೆಯಿಂದ ಬಂದು ಆ ಊರಿನ ಹತ್ತಿರ ಹತ್ತಾರು ವರ್ಷದಿಂದ ಇದ್ದೇನೆ, ಅಲ್ಲಿನ ಸಂಗ್ರಾಹಕರ ಸಂಘದಲ್ಲಿ ಭಾರತದ ಚೀಟಿ ನೋಡಿ ಹೇಳುವವನು ನಾನೊಬ್ಬನೇ. ಒಂದು ಸಂಜೆ ಮೊಬೈಲಿಗೆ ಫೋಟೊ ಬಂತು. ಹಳದಿಗಟ್ಟಿದ ಲಕೋಟೆ, ಮೇಲೆ ವಿಕ್ಟೋರಿಯಾ ರಾಣಿಯ ಹಸಿರು ಎರಡೂವರೆ ಆಣೆಯ ಚೀಟಿ, ಮಂಗಳೂರಿನ ಮೊಹರು, ಇಸವಿ 1896. ಹಿಂಬದಿಯ ಫೋಟೊದಲ್ಲಿ ಶಾಯಿಯಲ್ಲಿ ಗುಂಡುಗುಂಡಗೆ ಏನೋ ಬರೆದಿತ್ತು. ಇದು ಮಗುವಿನ ಗೀಚಾಟವೋ ಅಥವಾ ನಿಮ್ಮ ಕಡೆಯ ಲಿಪಿಯೋ ಎಂದು ಮರಿಮಗಳು ಕೇಳಿದ್ದರು. ದೊಡ್ಡದು ಮಾಡಿ ನೋಡಿದೆ. “ನಿನ ಚೆಂಡು ಹೇಗಿದೆ?” ಎಂದಿತ್ತು. ‘ನಿನ್ನ’ದ ಒತ್ತು ಬಿಟ್ಟುಹೋಗಿತ್ತು. ಕಲಿಯುವವನ ಕೈಬರಹ.

ಬರೆದವನು ಮುತ್ತಜ್ಜನ ಶಾಲೆಯ ಗೆಳೆಯ. ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು ಮಂಗಳೂರಿಗೆ ಹೋಗಿದ್ದನಂತೆ. ಅದರಲ್ಲಿ ಆಶ್ಚರ್ಯವೇನಿಲ್ಲ. 1834ರಲ್ಲೇ ಮಂಗಳೂರಿಗೆ ಬಂದಿಳಿದ ಆ ಮಿಷನ್ನಿಗೆ ಜನ ಹೋಗುತ್ತಿದ್ದುದು ಹೆಚ್ಚಾಗಿ ಈ ದಕ್ಷಿಣ ಜರ್ಮನಿಯಿಂದಲೇ. 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಶುರುವಾಗಿತ್ತು, 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಗಿ ಹೊರಬಂದದ್ದೂ ಅಲ್ಲಿಂದಲೇ. ನಿಘಂಟು ಬಂದ ಎರಡು ವರ್ಷಕ್ಕೆ ಒಬ್ಬ ಹುಡುಗ ಅದೇ ಊರಿನಲ್ಲಿ ಕೂತು ಕನ್ನಡದಲ್ಲಿ ತನ್ನ ಗೆಳೆಯನ ಚೆಂಡಿನ ಕ್ಷೇಮ ವಿಚಾರಿಸಿದ್ದ. ಮಾರನೆಯ ವಾರವೇ ನಾನು ಅವರ ಮನೆ ಬಾಗಿಲಲ್ಲಿದ್ದೆ.

ಹಿನ್ನೆಲೆ

ಮುತ್ತಜ್ಜ ಹುಟ್ಟಿದ್ದು 1876ರಲ್ಲಿ. ಜರ್ಮನಿಯಲ್ಲಿ ಶಾಲೆಯ ಹುಡುಗರಿಗೆ ಮೊದಲ ಸಲ ಚೆಂಡು ಕೊಟ್ಟದ್ದು ಅದಕ್ಕೆ ಎರಡೇ ವರ್ಷ ಹಿಂದೆ, ಬ್ರೌನ್‌ಶ್ವೈಗ್‌ನಲ್ಲಿ, ಕೊನ್ರಾಡ್ ಕೋಖ್ ಎಂಬ ಮೇಷ್ಟ್ರು. ಬಾಡೆನ್ನಿಗೆ ಆಟ ತಲುಪುವ ಹೊತ್ತಿಗೆ ಈತ ಹೈಸ್ಕೂಲು ಹುಡುಗ. 1891ರಲ್ಲಿ ವಾಲ್ಟರ್ ಬೆನ್ಸ್‌ಮಾನ್ ಎಂಬ ತರುಣ, ಮುಂದೆ 1920ರಲ್ಲಿ ‘ಕಿಕ್ಕರ್’ ಪತ್ರಿಕೆ ಶುರು ಮಾಡಿದವನು, ಕಾರ್ಲ್ಸ್‌ರೂಹೆಯಲ್ಲಿ ಕ್ಲಬ್ ಕಟ್ಟಿದ. ಸುತ್ತಲ ಊರುಗಳಲ್ಲೂ ಹುಡುಗರು ಗುಂಪು ಕಟ್ಟಿಕೊಂಡರು.

ಆ ಕಾಲಕ್ಕೆ ಜರ್ಮನಿಯ ದೊಡ್ಡವರಿಗೆ ಬೇಕಾಗಿದ್ದದ್ದು ಕವಾಯತಿನಂಥ ವ್ಯಾಯಾಮ. ಚೆಂಡು ಒದೆಯುವುದು ಅಸಭ್ಯ, ಪರದೇಶದ್ದು. ಸ್ಟುಟ್‌ಗಾರ್ಟಿನ ಕಾರ್ಲ್ ಪ್ಲಾಂಕ್ ಎಂಬ ಶಿಕ್ಷಕ 1898ರಲ್ಲಿ ಇದರ ವಿರುದ್ಧ ಒಂದು ಹೊತ್ತಿಗೆಯನ್ನೇ ಬರೆದ, ಆಟವನ್ನು ‘ಇಂಗ್ಲಿಷ್ ಕಾಯಿಲೆ’ ಎಂದು ಕರೆದ. ಜರ್ಮನ್ ಮಾತಿನಲ್ಲಿ ಅದು ಮಕ್ಕಳ ಕಾಲು ಸೊಟ್ಟಗಾಗುವ ರೋಗದ ಹೆಸರು. ಮನೆಯವರ ಕಣ್ಣು ತಪ್ಪಿಸಿ ಆಡಿದ ಹುಡುಗರ ಗುಂಪಿನಲ್ಲಿ ಮುತ್ತಜ್ಜ ಹಾಫ್‌ಬ್ಯಾಕ್, ಅಂದರೆ ನಡುಸಾಲಿನ ಆಟಗಾರ. ಅಕ್ಷರ ಚೆನ್ನಾಗಿದ್ದುದರಿಂದ ಕ್ಲಬ್ಬಿನ ಕಾರ್ಯದರ್ಶಿಯೂ ಅವರೇ. ಈ ಎರಡನೆಯ ಕೆಲಸ ಮುಂದಿನ ಕತೆಗೆಲ್ಲ ಮೂಲ.

ಆಗ ಲೀಗ್ ಇಲ್ಲ, ವೇಳಾಪಟ್ಟಿ ಇಲ್ಲ. ಒಂದು ಕ್ಲಬ್ ಇನ್ನೊಂದಕ್ಕೆ ಐದು ಫೆನ್ನಿಗ್‌ನ (ಫೆನ್ನಿಗ್ ಎಂದರೆ ಮಾರ್ಕಿನ ನೂರನೇ ಒಂದು ಪಾಲು) ಅಂಚೆ ಕಾರ್ಡು ಬರೆದು ಆಟಕ್ಕೆ ಕರೆಯಬೇಕು. ಒಪ್ಪಿಗೆ ಬೇಗ ಬರಲೆಂದು ಜೋಡಿ ಕಾರ್ಡು ಕಳಿಸುವವರೂ ಇದ್ದರು. ಉತ್ತರದ ಹಣವನ್ನು ಮೊದಲೇ ಕಟ್ಟಿದ ರಿಪ್ಲೈ ಕಾರ್ಡು ನಮ್ಮಲ್ಲೂ ಸಿಗುತ್ತಿತ್ತಲ್ಲ, ಅದೇ. ಊರೊಳಗಿನ ಸುದ್ದಿಗೆ ಸರ್ಕಾರಿ ಅಂಚೆಗಿಂತ ಅಗ್ಗವಾದ ಖಾಸಗಿ ನಗರ ಅಂಚೆ, ಅದಕ್ಕೆ ಅದರದೇ ಚೀಟಿ. 1900ರ ಏಪ್ರಿಲ್‌ನಿಂದ ಅಂಥ ಖಾಸಗಿ ಅಂಚೆಗಳನ್ನು ಕಾನೂನು ಮಾಡಿ ನಿಲ್ಲಿಸಿದರು. ಅದೇ ವರ್ಷ ಜನವರಿ 28ರಂದು ಲೈಪ್‌ಜಿಗ್‌ನಲ್ಲಿ 86 ಕ್ಲಬ್ಬುಗಳ ಪರವಾಗಿ ಸೇರಿದವರು ಜರ್ಮನ್ ಫುಟ್‌ಬಾಲ್ ಸಂಘ ಕಟ್ಟಿದರು. ಕಾರ್ಡು ಬರೆದು ಆಟ ಹೊಂದಿಸುತ್ತಿದ್ದ ಕಾಲ ಮೆಲ್ಲಗೆ ಹಿಂದೆ ಸರಿಯತೊಡಗಿತು.

1902ರಲ್ಲಿ ಅವರ ಮಂಡಿ ಕೈಕೊಟ್ಟಿತು. ಜರ್ಮನಿಯ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಮರುವರ್ಷ. ದೇಶದ ತಂಡ ಮೊದಲ ಸಲ ಇಳಿದದ್ದು 1908ರ ಏಪ್ರಿಲ್ 5ರಂದು, ಬಾಸೆಲ್‌ನಲ್ಲಿ, ಸ್ವಿಟ್ಜರ್‌ಲೆಂಡ್ ವಿರುದ್ಧ, 5–3ರಲ್ಲಿ ಸೋತಿತು. ಮುತ್ತಜ್ಜ ಎರಡಕ್ಕೂ ಹೊರಗೆ ನಿಂತವರು. ಅಲ್ಲಿಂದ 1950ರ ದಶಕದವರೆಗೆ ಅವರು ಅಂಚೆಚೀಟಿಯ ಮನುಷ್ಯ.

ಸಮಸ್ಯೆ

ಮನೆ ಖಾಲಿ ಮಾಡಬೇಕಿತ್ತು. ಏಳು ಆಲ್ಬಮ್, ಒಂದು ಟಿಪ್ಪಣಿ ಪುಸ್ತಕ, ಕಾರ್ಡುಬೋರ್ಡಿನ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಯಾರೋ ಬಹಳ ಹಿಂದೆ ‘ಇತರೆ’ ಎಂದು ಚೀಟಿ ಅಂಟಿಸಿದ್ದರು. ಹರಾಜು ಸಂಸ್ಥೆಯೊಂದು ಆರು ವಾರದೊಳಗೆ ಸಾಮಾನು ತಲುಪಿಸಿದರೆ ಮುಂದಿನ ಹರಾಜಿಗೆ ಸೇರಿಸುತ್ತೇವೆ ಎಂದಿತ್ತು.

ಮರಿಮಗಳ ತಮ್ಮ ಚೀಟಿಗಳ ಬೆಲೆ ಕೊಡುವ ಕ್ಯಾಟಲಾಗ್ ತಂದು ಲೆಕ್ಕ ಹಾಕಿದ್ದರು. ಅವರ ಬೆರಳು ನಿಂತದ್ದು ಬಾಡೆನ್ ಪುಟದ ಮೂರು ಚೀಟಿಗಳ ಮೇಲೆ. ಹಳದಿ ಕಾಗದದ ಮೇಲೆ ಕಪ್ಪು ಅಚ್ಚು, 12 ಕ್ರೊಯ್ಟ್‌ಸರ್ (ಬಾಡೆನ್ನಿನ ಆಗಿನ ನಾಣ್ಯ), ‘ಲಾಂಡ್‌ಪೋಸ್ಟ್’, ಮೂರಕ್ಕೂ ಮೊಹರು ಬಿದ್ದಿದೆ. ಲಾಂಡ್‌ಪೋಸ್ಟ್ ಎಂದರೆ ಹಳ್ಳಿ ಅಂಚೆ. 1862ರಲ್ಲಿ ಬಂದ ಈ ಚೀಟಿಗಳು ಹಳ್ಳಿಯವರಿಂದ ವಸೂಲಿ ಮಾಡಬೇಕಾದ ಹಣಕ್ಕೆ ಗುರುತು. 1, 3, 12 ಎಂದು ಮೂರು ಬೆಲೆ, ಹನ್ನೆರಡರ ಅಗತ್ಯ ಬೀಳುತ್ತಿದ್ದುದು ಅಪರೂಪ. 1871ರ ಕೊನೆಗೆ ಬಾಡೆನ್ ಅಂಚೆ ಸಾಮ್ರಾಜ್ಯದ ಅಂಚೆಯೊಳಗೆ ಸೇರಿಹೋಯಿತು, ಉಳಿದ ಹಾಳೆಗಳು ಚೀಟಿ ವ್ಯಾಪಾರಿಗಳ ಕೈ ಸೇರಿದವು. ಹಾಗಾಗಿ ಹೊಸದು, ನಾವು ಮಿಂಟ್ ಎನ್ನುವುದು, ಇಂದಿಗೂ ಅಗ್ಗ. ಬಳಸಿದ್ದಕ್ಕೆ ಮಾತ್ರ ಕ್ಯಾಟಲಾಗಿನಲ್ಲಿ ತಲೆ ತಿರುಗುವ ಬೆಲೆ. ತಮ್ಮ ಆ ಬೆಲೆಯನ್ನು ಮೂರರಿಂದ ಗುಣಿಸಿದ್ದರು. ಮನೆಯ ಚಾವಣಿ ರಿಪೇರಿಗೆ ಸಾಕಾಗುವಷ್ಟು.

ಮೊದಲ ಭೇಟಿಯಲ್ಲಿ ನನ್ನ ಕೈಯಿಂದ ಒಂದು ತಪ್ಪಾಯಿತು. “ಆಲ್ಬಮ್‌ಗಳನ್ನು ನೋಡೋಣ” ಎಂದೆ. ಮೂರು ಗಂಟೆ ಅದರಲ್ಲೇ ಕಳೆದೆ. ಪೆಟ್ಟಿಗೆ ಮೇಜಿನ ಕೆಳಗೇ ಇತ್ತು, ಕಾಲಿಗೆ ತಾಗಿತು ಕೂಡ. ಮುಚ್ಚಳ ತೆಗೆಯಲಿಲ್ಲ. ಹೊರಡುವಾಗ ತಮ್ಮ, ಇದರಲ್ಲಿ ಬರೀ ಹಳೇ ಕಾರ್ಡುಗಳಿವೆ, ಚೀಟಿ ಬಿಡಿಸಿ ಒಂದು ಪುಸ್ತಕಕ್ಕೆ ಸೇರಿಸಿಬಿಡುತ್ತೇನೆ ಎಂದರು. ಆಗಲಿ ಎಂದು ತಲೆಯಾಡಿಸಿ ಬಂದೆ.

ಏನೇನು ಮಾಡಲಾಯಿತು

ಆ ವಾರ ಅವರು ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದನ್ನೇ ಮಾಡಿದರು. ಕಾರ್ಡಿನಲ್ಲೇ ಅಚ್ಚಾಗಿದ್ದ ಹಸಿರು ಐದು ಫೆನ್ನಿಗ್ ಮುದ್ರೆಗಳನ್ನು ಕತ್ತರಿಯಿಂದ ಚೌಕವಾಗಿ ಕತ್ತರಿಸಿ ಗಾಜಿನ ಜಾಡಿಗೆ ಹಾಕಿದರು. ಅಂಟಿಸಿದ ಚೀಟಿಗಳಿದ್ದ ಕಾರ್ಡುಗಳನ್ನು ಬೆಚ್ಚನೆ ನೀರಿನ ತಟ್ಟೆಯಲ್ಲಿ ನೆನೆಹಾಕಿದರು. ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ನಾನೂ ಮನೆಗೆ ಬಂದ ಇನ್‌ಲ್ಯಾಂಡ್ ಲೆಟರುಗಳನ್ನೆಲ್ಲ ಹೀಗೇ ಚೌಕ ಮಾಡಿದ್ದೆ. ಅದರಲ್ಲಿ ತೀರಿಹೋದ ನಮ್ಮ ದೊಡ್ಡಪ್ಪನ ಕೈಬರಹವೂ ಹೋಯಿತು, ಈಗ ಬೇಕೆಂದರೂ ಒಂದು ಸಾಲಿಲ್ಲ.

ಶನಿವಾರ ಬೆಳಿಗ್ಗೆ ಮರಿಮಗಳ ಫೋನ್. “ನೀವು ಈಗಲೇ ಬರಲು ಸಾಧ್ಯವೇ? ನೀರು ನೇರಳೆಯಾಗಿದೆ” ಎಂದರು.

ಹೋದೆ. ಅಡುಗೆಮನೆಯ ಬಿಳಿ ಪಿಂಗಾಣಿ ತಟ್ಟೆಯಲ್ಲಿ ನೀರು, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಅದರಲ್ಲಿ ನಾಲ್ಕು ಕಾರ್ಡು ತೇಲುತ್ತಿದ್ದವು. ಒಂದರ ಮೇಲಿನ ಅಕ್ಷರಗಳು ನಮ್ಮ ಕಣ್ಣೆದುರೇ ಎಳೆಎಳೆಯಾಗಿ ಬಿಚ್ಚಿಕೊಂಡು ನೀರಿಗಿಳಿಯುತ್ತಿದ್ದವು. ಅದು ಕಾಪಿಯಿಂಗ್ ಪೆನ್ಸಿಲಿನ ಬರಹ. ಒಣಗಿದ್ದಾಗ ಸೀಸದ ಕಡ್ಡಿಯಂತೆ ಬೂದು ಬಣ್ಣ, ನೀರು ತಾಗಿದರೆ ಕಡುನೇರಳೆ. ಅದರ ಸೀಸದಲ್ಲಿ ಬಣ್ಣ ಬೆರೆತಿರುತ್ತದೆ. ರೈಲಿನಲ್ಲೋ ಮೈದಾನದ ಅಂಚಿನಲ್ಲೋ ನಿಂತು ಬರೆಯುವವರಿಗೆ ಶಾಯಿ ದೌತಿಯ ಗೋಜಿಲ್ಲದ ಈ ಪೆನ್ಸಿಲು ಅನುಕೂಲ. ಮರಿಮಗಳು ಚಿಮುಟದಿಂದ ಒಂದೊಂದನ್ನೇ ಎತ್ತಿ ಬಟ್ಟೆಯ ಮೇಲೆ ಇಟ್ಟರು. ಎರಡು ಓದುವಂತಿದ್ದವು. ಒಂದರಲ್ಲಿ ಅರ್ಧ. ನಾಲ್ಕನೆಯದು ಬರೀ ಬಣ್ಣ.

ಅರ್ಧ ಉಳಿದ ಕಾರ್ಡನ್ನು ಆಕೆ ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಓದಿದರು: ಭಾನುವಾರ ಮೂರು ಗಂಟೆಗೆ ಬರುತ್ತೇವೆ, ಗೋಲು ಕಂಬ ನಾವೇ ತರುತ್ತೇವೆ, ಹಗ್ಗ ನೀವು ತನ್ನಿ, ನಮ್ಮಲ್ಲಿ ಹತ್ತೇ ಜನ. ಮುಂದಿನದು ನೀರಲ್ಲಿ ಹೋಗಿತ್ತು. ಅಂದಿನ ಕ್ಲಬ್ಬುಗಳಿಗೆ ಸ್ವಂತ ಮೈದಾನ ಇಲ್ಲ, ಕಂಬವನ್ನು ಹೆಗಲ ಮೇಲೆ ಹೊತ್ತು ಹೋಗಿ ನೆಟ್ಟು ಆಡಿ ಕಿತ್ತು ತರಬೇಕು, ಅಡ್ಡಪಟ್ಟಿಯ ಬದಲು ಹಗ್ಗ.

ಅಲ್ಲಿಗೆ ಕೆಲಸ ನಿಲ್ಲಿಸಿದೆವು. ಪೆಟ್ಟಿಗೆಯನ್ನು ಪೂರ್ತಿ ಮೇಜಿನ ಮೇಲೆ ಹರಡಿದೆವು. 140ಕ್ಕೂ ಹೆಚ್ಚು ಕಾರ್ಡು. ಕತ್ತರಿಗೆ ಸಿಕ್ಕಿದ್ದವು 31. ಉಳಿದವುಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಅಂಕಿಗಳು: 4:1, 0:3, 2:2. ಮೊದಲು ಯಾವುದೋ ವ್ಯಾಪಾರಿಯ ಬೆಲೆಯ ಗುರುತಿರಬೇಕು ಎಂದುಕೊಂಡೆ. ತಮ್ಮ ನನಗಿಂತ ಬೇಗ ಹಿಡಿದರು, “ಇದು ಸ್ಕೋರು!” ಎಂದರು. ಪ್ರತಿ ಕಾರ್ಡಿನ ಮೇಲೆ ಆ ಕಾರ್ಡು ಕರೆದ ಆಟದ ಫಲಿತಾಂಶ.

ಆಮೇಲೆ ಮರಿಮಗಳು ಒಂದು ಮಾತು ಕೇಳಿದರು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ. “ಆಲ್ಬಮ್‌ಗಳ ಬೆನ್ನ ಮೇಲೆ ಎರಡರಿಂದ ಎಂಟರವರೆಗೆ ಸಂಖ್ಯೆ ಇದೆ. ಒಂದನೆಯದು ಎಲ್ಲಿ?”

ಮನೆಯವರ ನಂಬಿಕೆ, ಅದನ್ನು 1923ರಲ್ಲಿ ಮಾರಿರಬೇಕು ಎಂದು. ಹಾಗೆ ನಂಬಲು ಕಾರಣವಿತ್ತು. ಆ ವರ್ಷ ಮಾರ್ಕಿನ ಬೆಲೆ ನೆಲಕಚ್ಚಿದಾಗ ಮನೆಯಲ್ಲಿದ್ದದ್ದನ್ನೆಲ್ಲ ಮಾರಿ ತಿಂದ ಕುಟುಂಬಗಳು ಲೆಕ್ಕವಿಲ್ಲ. ನಿಜ ತಿಳಿಯಬೇಕಾದರೆ ಟಿಪ್ಪಣಿ ಪುಸ್ತಕ ಓದಬೇಕು. ಅದು ಇದ್ದದ್ದು ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹದಲ್ಲಿ, ಇಂದಿನ ಜರ್ಮನ್ನರಿಗೆ ಅದು ನಮಗೆ ಹಳೇ ಕಡತಗಳ ಮೋಡಿ ಲಿಪಿ ಇದ್ದ ಹಾಗೆ. ಕಾರ್ಡುಗಳನ್ನು ಬರೆದ ಹುಡುಗರಲ್ಲಿ ಕೆಲವರು ಬಿಡಿಸಿ ಬರೆದಿದ್ದರು, ಮುತ್ತಜ್ಜನದು ಮೂರು ತಲೆಮಾರು ಯಾರೂ ಓದದ ಅಕ್ಷರ. ಅದನ್ನು ಓದಬಲ್ಲ ನಿವೃತ್ತ ಗ್ರಂಥಪಾಲಕಿಯೊಬ್ಬರನ್ನು ಹುಡುಕಿದೆವು. ನಾಲ್ಕು ಮಧ್ಯಾಹ್ನ ಆಕೆ ಓದಿದರು, ಮರಿಮಗಳು ಬರೆದುಕೊಂಡರು. ಹರಾಜಿನ ಗಡುವು ಅಷ್ಟರಲ್ಲಿ ದಾಟಿತು. ದಾಟಲಿ ಎಂದು ಮೊದಲು ಹೇಳಿದವರು ತಮ್ಮ. ಕತ್ತರಿ ಹಿಡಿದ ಮನುಷ್ಯ ಹಾಗೆ ಹೇಳಲು ಎಷ್ಟು ನೋವು ನುಂಗಿರಬೇಕು ಎಂಬುದು ನನಗೆ ಗೊತ್ತು.

ಪುಸ್ತಕ ಹೇಳಿದ್ದು

ಮೊದಲ ನಮೂದು 1902ರದು. ಮಂಡಿಯ ವಿಷಯ ಎರಡು ಸಾಲು. ಅದರ ಕೆಳಗೇ ಪಟ್ಟಿ ಶುರು: ಸಂಪುಟ ಒಂದು, ಕ್ಲಬ್ಬಿನ ಕಾರ್ಡುಗಳು, ಆಟದ ದಿನಾಂಕದ ಕ್ರಮದಲ್ಲಿ. ‘ಇತರೆ’ ಎಂದು ನಾವು ಬದಿಗೆ ತಳ್ಳಿದ್ದೇ ಒಂದನೇ ಸಂಪುಟ. ಆಡಲಾಗದ ಆಟವನ್ನು ಅವರು ಮೊದಲು ಕ್ರಮವಾಗಿ ಜೋಡಿಸಿದರು, ಚೀಟಿಯ ಹುಚ್ಚು ಅದರಿಂದ ಹುಟ್ಟಿತು. ಕಾರ್ಡಿನ ಮೇಲಿನ ಮೊಹರುಗಳನ್ನು ನೋಡುತ್ತ ನೋಡುತ್ತ ಮೊಹರೇ ಅವರ ವಿಷಯವಾಯಿತು.

ಹೀಗೆ ನೋಡಿದರೆ ಉಳಿದ ಏಳೂ ಸಂಪುಟಗಳು ಬೇರೆಯಾಗಿಯೇ ಕಂಡವು. ಅವರಿಗೆ ಹೊಸ ಚೀಟಿಯಲ್ಲಿ ಆಸಕ್ತಿಯೇ ಇಲ್ಲ. ಪತ್ರ ಹೊತ್ತು ಹೋಗಿ ಕೆಲಸ ಮುಗಿಸಿದ ಚೀಟಿ ಬೇಕು, ಅದು ಯಾವ ದಿನ ಎಲ್ಲಿಂದ ಹೊರಟಿತೆಂದು ಮೊಹರು ಹೇಳಬೇಕು. 1923ರ ನವೆಂಬರಿನ ಪುಟಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಪರವೂರಿನ ಸಾಮಾನ್ಯ ಪತ್ರದ ದರ ಆ ತಿಂಗಳ 1ನೇ ತಾರೀಕು 10 ಕೋಟಿ ಮಾರ್ಕ್, 5ಕ್ಕೆ 100 ಕೋಟಿ, 12ಕ್ಕೆ 1,000 ಕೋಟಿ, 20ಕ್ಕೆ 2,000 ಕೋಟಿ, 26ಕ್ಕೆ 8,000 ಕೋಟಿ. ಡಿಸೆಂಬರ್ 1ರಂದು 10,000 ಕೋಟಿ, ಅಂದೇ ಹೊಸ ಲೆಕ್ಕದಲ್ಲಿ ಹತ್ತು ಫೆನ್ನಿಗ್. ಪ್ರತಿ ದರಕ್ಕೂ ಅವರ ಹತ್ತಿರ ನಿಜವಾಗಿ ಅಂಚೆಯಲ್ಲಿ ಬಂದ ಒಂದು ಲಕೋಟೆ ಇತ್ತು, ನಾಲ್ಕೈದು ದಿನ ಬದುಕಿದ ದರಕ್ಕೂ. ಈ ಕಾಲದ ಮಿಂಟ್ ಚೀಟಿ ಇಂದು ಹಿಡಿ ಹಿಡಿಯಾಗಿ ಸಿಗುತ್ತದೆ, ಹಳೇ ಚೀಟಿಗೆ ಆಮೇಲೆ ಸುಳ್ಳು ಮೊಹರು ಒತ್ತಿದವೂ ಬೇಕಾದಷ್ಟಿವೆ. ನಿಜವಾಗಿ ಪ್ರಯಾಣ ಮಾಡಿದ ಲಕೋಟೆಯದೇ ಬೆಲೆ. ಅಂದರೆ ಆ ವರ್ಷ ಅವರು ಮಾರಿರಲಿಲ್ಲ, ಕೂಡಿಸಿದ್ದರು.

ಹಾಗಾದರೆ ಲಾಂಡ್‌ಪೋಸ್ಟಿನ ಆ ಮೂರು ಚೀಟಿ? ಪುಸ್ತಕದಲ್ಲಿ 1911ರ ಒಂದು ನಮೂದು ಸಿಕ್ಕಿತು: 12 ಕ್ರೊಯ್ಟ್‌ಸರ್, ಮೂರು, ಮೊಹರು ನಂಬತಕ್ಕದ್ದಲ್ಲ, ಹೋಲಿಕೆಗಾಗಿ ಕೊಂಡದ್ದು. ಮಿಂಟ್ ಅಗ್ಗ, ಯೂಸ್ಡ್ ದುಬಾರಿ ಎಂದಾದ ಮೇಲೆ ಅಗ್ಗದ್ದಕ್ಕೆ ಮೊಹರು ಒತ್ತಿ ದುಬಾರಿ ಮಾಡುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಇವರು ಅಂಥವನ್ನು ತಿಳಿದೇ ಕೊಂಡು ಕಲಿಯಲು ಇಟ್ಟುಕೊಂಡಿದ್ದರು. ಅದೇ ಸಂಪುಟದಲ್ಲಿ ಹೆಲ್ಗೋಲಾಂಡ್ ಪುಟವಿತ್ತು. 1890ರವರೆಗೆ ಬ್ರಿಟಿಷರದ್ದಾಗಿದ್ದ ಆ ಪುಟ್ಟ ದ್ವೀಪದ ಚೀಟಿಗಳು ಅಚ್ಚಾಗುತ್ತಿದ್ದದ್ದು ಬರ್ಲಿನ್ನಿನಲ್ಲಿ, ಹ್ಯಾಂಬರ್ಗಿನ ಗೋಲ್ಡ್‌ನರ್ ಎಂಬ ವ್ಯಾಪಾರಿ ಅವುಗಳ ಮರುಮುದ್ರಣ ಮಾಡಿಸಿ ರಾಶಿಗಟ್ಟಲೆ ಮಾರಿದ. ಪುಟದ ಅಡಿಯಲ್ಲಿ ಪ್ರತಿಯೊಂದಕ್ಕೂ ಮುತ್ತಜ್ಜ ‘ಮರುಮುದ್ರಣ’ ಎಂದು ಬರೆದಿಟ್ಟಿದ್ದರು. ಆ ಅಕ್ಷರ ನಮಗೆ ಓದಲು ಬರುತ್ತಿರಲಿಲ್ಲ ಅಷ್ಟೇ.

ಆದರೂ ಅಧಿಕೃತ ಪರೀಕ್ಷಕರಿಗೆ ಕಳಿಸಿದೆವು. ಜರ್ಮನಿಯಲ್ಲಿ ಇದಕ್ಕೆಂದೇ 1958ರಿಂದ ಪರೀಕ್ಷಕರ ಒಕ್ಕೂಟವಿದೆ, ಒಬ್ಬೊಬ್ಬರಿಗೆ ಒಂದೊಂದು ಪ್ರದೇಶ. ಉತ್ತರ ಚಿಕ್ಕದಾಗಿ ಬಂತು: ಮೂರೂ ಚೀಟಿ ಅಸಲಿ, ಮೂರೂ ಮೊಹರು ನಕಲಿ. ಬೇರೆ ಬೇರೆ ದಿನಾಂಕವಿದ್ದರೂ ಮೂರರ ಹೊರ ಉಂಗುರದಲ್ಲೂ ಒಂದೇ ಜಾಗದಲ್ಲಿ ಒಂದೇ ಮುರುಕು. 1911ರಲ್ಲಿ ಭೂತಗನ್ನಡಿ ಒಂದನ್ನೇ ನಂಬಿ ಮುತ್ತಜ್ಜ ಕಂಡದ್ದೂ ಅದನ್ನೇ ಇರಬೇಕು. ಚಾವಣಿಯ ಹಣ ಅಲ್ಲಿಗೆ ಕರಗಿತು.

ಆದದ್ದು

ಎರಡರಿಂದ ಎಂಟರವರೆಗಿನ ಸಂಪುಟಗಳಲ್ಲಿ ಇನ್‌ಫ್ಲೇಶನ್ ಕಾಲದ ಲಕೋಟೆಗಳು ಮುಂದಿನ ಹರಾಜಿನಲ್ಲಿ ಹೋದವು, ಮರ್ಯಾದಸ್ಥ ಬೆಲೆಗೆ. ನಕಲಿಗಳನ್ನು ಮಾರಲಿಲ್ಲ. ಹಿಂಬದಿಯಲ್ಲಿ ಪರೀಕ್ಷಕರ ಗುರುತಿನೊಂದಿಗೆ ಅವು ನಮ್ಮ ಸಂಘದ ಕಪಾಟಿನಲ್ಲಿವೆ, ಹೊಸಬರಿಗೆ ತೋರಿಸಲು. ಸಂಪುಟ ಒಂದು ಮತ್ತು ಟಿಪ್ಪಣಿ ಪುಸ್ತಕ ನಗರದ ದಾಖಲೆ ಭಂಡಾರ ಸೇರಿದವು.

ದಾಖಲೆ ಭಂಡಾರದವರು ಕಾರ್ಡುಗಳನ್ನು ನೋಡಿದ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಚೀಟಿಯ ಕಡೆಯನ್ನು ಅವರು ತಿರುಗಿಯೂ ನೋಡಲಿಲ್ಲ. ಸಹಿಗಳನ್ನು ಓದುತ್ತ ಹೋದರು. ಆ ಕ್ಲಬ್ಬಿನ ಹಳೇ ಕಾಗದಗಳೆಲ್ಲ ಯುದ್ಧದಲ್ಲಿ ಸುಟ್ಟಿವೆ, 1890ರ ದಶಕದಲ್ಲಿ ಯಾರು ಆಡಿದರು ಎನ್ನಲು ಬೇರೆ ಆಧಾರವೇ ಇರಲಿಲ್ಲ. ಎರಡು ಸಹಿಗಳ ಹತ್ತಿರ ಅವರ ಕೈ ನಿಂತಿತು. ಎದ್ದು ಹೋಗಿ ನಗರದ ಸ್ಮರಣೆ ಪುಸ್ತಕ ತಂದರು, ನಾಜಿ ಕಾಲದಲ್ಲಿ ಕೊಲೆಯಾದ ಊರಿನ ಯಹೂದಿಗಳ ಪಟ್ಟಿ ಅದು. ಎರಡೂ ಹೆಸರು ಅದರಲ್ಲಿದ್ದವು. 1933ರ ಏಪ್ರಿಲ್‌ನಲ್ಲಿ ದಕ್ಷಿಣ ಜರ್ಮನಿಯ ದೊಡ್ಡ ದೊಡ್ಡ ಕ್ಲಬ್ಬುಗಳು ಯಹೂದಿ ಸದಸ್ಯರನ್ನು ಹೊರಗಿಡಲು ಸಿದ್ಧವೆಂದು ತಾವಾಗಿಯೇ ಹೇಳಿಕೆ ಕೊಟ್ಟವು. ದೇಶದ ಪರ ಆಡಿದ್ದ ಕಾರ್ಲ್ಸ್‌ರೂಹೆಯ ಜೂಲಿಯಸ್ ಹಿರ್ಷ್ ಅದನ್ನು ಓದಿ ತನ್ನ ಕ್ಲಬ್ಬಿಗೆ ತಾನೇ ರಾಜೀನಾಮೆ ಬರೆದರು, 1943ರಲ್ಲಿ ಅವರನ್ನು ಆಶ್‌ವಿಟ್ಸ್‌ಗೆ ಸಾಗಿಸಲಾಯಿತು. ಹಿರ್ಷ್ ಹೆಸರಾದರೂ ಉಳಿದಿದೆ. ನಮ್ಮ ಕಾರ್ಡಿನ ಈ ಇಬ್ಬರು ಚೆಂಡಾಟ ಆಡಿದ್ದರು ಎಂಬುದಕ್ಕೆ ಲೋಕದಲ್ಲಿರುವ ಪುರಾವೆ ಐದು ಫೆನ್ನಿಗ್‌ನ ಕಾರ್ಡುಗಳಷ್ಟೇ. ಅವುಗಳಲ್ಲಿ ಒಂದಕ್ಕೆ ಕತ್ತರಿ ಬಿದ್ದಿತ್ತು, ಸಹಿ ಕೆಳಗಿದ್ದರಿಂದ ಉಳಿಯಿತು.

1936ರ ಬರ್ಲಿನ್ ಒಲಿಂಪಿಕ್ಸಿನ ಚೀಟಿಗಳಲ್ಲಿ 6 ಫೆನ್ನಿಗ್‌ನದರ ಮೇಲೆ ಫುಟ್‌ಬಾಲ್ ಆಟಗಾರರ ಚಿತ್ರವಿದೆ. ಆಟ ಆಡಿದ ಸಂಗ್ರಾಹಕನ ಹತ್ತಿರ ಅದು ಇದ್ದೇ ಇರುತ್ತದೆಂದು ಎಂಟೂ ಸಂಪುಟ ಹುಡುಕಿದೆ. ಇರಲಿಲ್ಲ. ಟಿಪ್ಪಣಿ ಪುಸ್ತಕದಲ್ಲೂ ಆ ವರ್ಷಗಳಿಗೆ ನಮೂದಿಲ್ಲ. ಇದಕ್ಕೆ ಅರ್ಥ ಕಟ್ಟುವ ಅಧಿಕಾರ ನನಗಿಲ್ಲ. ಮರಿಮಗಳೂ ಕಟ್ಟಬೇಡಿ ಎಂದರು, ಹಾಗಾಗಿ ಇದ್ದದ್ದನ್ನಷ್ಟೇ ಹೇಳಿದ್ದೇನೆ.

ನಮ್ಮ ನಿರ್ಧಾರಗಳನ್ನು ಹಿಂತಿರುಗಿ ನೋಡಿದಾಗ

ಗಡುವು ನಮ್ಮನ್ನು ಕೆಡಿಸಿತು ಎಂದು ಮೊದಮೊದಲು ಹೇಳಿಕೊಳ್ಳುತ್ತಿದ್ದೆವು. ಹಾಗಲ್ಲ. ನಾವು ನೋಡಿದ ಕ್ರಮವೇ ತಪ್ಪು. ಬೆಲೆಯ ಪುಸ್ತಕ ಮೊದಲು ಬಿಚ್ಚಿದೆವು, ಸಂಗ್ರಹ ಮಾಡಿದವನ ಪುಸ್ತಕ ಕೊನೆಗೆ. ಅದು ತಿರುಗುಮುರುಗಾಗಿದ್ದರೆ ಲಾಂಡ್‌ಪೋಸ್ಟಿನ ಆಸೆಯೂ ಹುಟ್ಟುತ್ತಿರಲಿಲ್ಲ, ಪೆಟ್ಟಿಗೆಗೆ ಕತ್ತರಿಯೂ ಬೀಳುತ್ತಿರಲಿಲ್ಲ. ಓದಲು ಬಾರದ ಅಕ್ಷರವಾದರೆ ಓದುವವರನ್ನು ಹುಡುಕುವುದೇ ಮೊದಲ ಖರ್ಚಾಗಬೇಕು. ಗ್ರಂಥಪಾಲಕಿಗೆ ನಾವು ಕೊಟ್ಟದ್ದು ನಾಲ್ಕು ದಿನದ ಕಾಫಿ ಮತ್ತು ಕೇಕು.

ನೀರಿನ ವಿಷಯ ಬೇರೆಯೇ ಹೇಳಬೇಕು. 1950ಕ್ಕೆ ಹಿಂದಿನ ಯಾವ ಕಾರ್ಡನ್ನೂ ಲಕೋಟೆಯನ್ನೂ ನಾನು ಈಗ ನೀರಿಗೆ ಹಾಕಲು ಬಿಡುವುದಿಲ್ಲ. ಬೂದು ಬಣ್ಣದ ಬರಹ ಕಂಡರೆ ಒದ್ದೆ ಬೆರಳು ತಾಗಿಸಿ ನೋಡುವುದೂ ಬೇಡ, ಅಷ್ಟಕ್ಕೇ ಅದು ಹರಡುತ್ತದೆ. ಕತ್ತರಿಯ ಪೆಟ್ಟು ಹೊರಗೆ ಕಾಣುವುದಕ್ಕಿಂತ ದೊಡ್ಡದು. ಕಾರ್ಡಿನ ಮುಂಬದಿಯಲ್ಲಿ ಮುದ್ರೆ ಇರುವುದು ಬಲ ಮೇಲ್ಮೂಲೆಯಲ್ಲಿ. ಅದನ್ನು ಚೌಕವಾಗಿ ತೆಗೆದರೆ ಹಿಂಬದಿಯ ಎಡ ಮೇಲ್ಮೂಲೆ ಹೋಗುತ್ತದೆ, ಅಂದರೆ ಯಾರನ್ನು ಏನೆಂದು ಕರೆದು ಪತ್ರ ಶುರುವಾಯಿತೋ ಆ ಭಾಗ, ಜೊತೆಗೆ ಮೊದಲ ಕೆಲವು ಸಾಲುಗಳ ತಲೆ. ದಿನಾಂಕದ ಮೊಹರೂ ತುಂಡಿನ ಜೊತೆಗೇ ಹೋಗುತ್ತದೆ. ಹಾಗೆ ಸಿಗುವ ತುಂಡಿಗೆ ಇಂದಿನ ಪೇಟೆಯಲ್ಲಿ ಬೆಲೆ ಇಲ್ಲವೇ ಇಲ್ಲ ಎನ್ನಬಹುದು.

ಮುಟ್ಟುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟಿದ್ದರೆ ನೀರಲ್ಲಿ ಹೋದ ಕಾರ್ಡಿನ ಮಾತಾದರೂ ಉಳಿಯುತ್ತಿತ್ತು. ಮಂಗಳೂರಿನ ಲಕೋಟೆಯ ಫೋಟೊ ತೆಗೆದದ್ದು ಅದರ ಲಿಪಿ ವಿಚಿತ್ರವಾಗಿ ಕಂಡಿತೆಂದು. ಗೊತ್ತಿರುವ ಭಾಷೆಯ ಕಾರ್ಡು ಸಾಧಾರಣವಾಗಿ ಕಂಡಿತು, ಹಾಗಾಗಿ ಯಾರೂ ಫೋಟೊ ತೆಗೆಯಲಿಲ್ಲ.

ಜಾಡಿಯಲ್ಲಿದ್ದ 31 ತುಂಡುಗಳನ್ನು ತಮ್ಮ ಎಸೆದಿರಲಿಲ್ಲ. ಕಳೆದ ಚಳಿಗಾಲದಿಂದ ಅಕ್ಕ ತಮ್ಮ ಇಬ್ಬರೂ ಭಾನುವಾರಗಳಲ್ಲಿ ದಾಖಲೆ ಭಂಡಾರದ ಕೋಣೆಯಲ್ಲಿ ಕೂತು ಯಾವ ತುಂಡು ಯಾವ ಕಾರ್ಡಿನದು ಎಂದು ಹೊಂದಿಸುತ್ತಿದ್ದಾರೆ. ಕತ್ತರಿಯ ಅಂಚು ಒಂದೊಂದರಲ್ಲೂ ಒಂದಿಷ್ಟು ವಾರೆ. ಅರ್ಧ ಅಕ್ಷರಕ್ಕೆ ಅರ್ಧ ಅಕ್ಷರ ಕೂಡಬೇಕು. 19 ಕೂಡಿದ್ದವು. ಹೋದ ತಿಂಗಳು ನಾನೂ ಹೋಗಿದ್ದೆ. ಮರಿಮಗಳ ತಮ್ಮ ಕನ್ನಡಕ ತೆಗೆದು ಒಂದು ತುಂಡನ್ನು ಚಿಮುಟದಲ್ಲಿ ಎತ್ತಿ ಎದುರಿನ ರಿಪ್ಲೈ ಕಾರ್ಡಿನ ಮೂಲೆಗೆ ತಂದಿಟ್ಟರು. ಹಸಿರು ಮುದ್ರೆಯ ಕಪ್ಪು ಮೊಹರಿನ ವೃತ್ತ ಪೂರ್ತಿಯಾಯಿತು. ಮೊಹರಿನ ತಾರೀಕು, ಅಂದು ನೀರಿನಿಂದ ಎತ್ತಿದ ಅರ್ಧ ಕಾರ್ಡಿನದಕ್ಕಿಂತ ಎರಡು ದಿನ ಆಮೇಲಿನದು. ನಿಧಾನವಾಗಿ ಎರಡನ್ನೂ ಹಿಡಿದು ಮಗುಚಿದರು. ಮರಿಮಗಳು ಬಗ್ಗಿ ಓದಿದರು: ‘ಹನ್ನೊಂದನೆಯವನು ಸಿಕ್ಕಿದ. ಹಗ್ಗ ಬೇಡ, ಅವನ ಹತ್ತಿರವೇ ಇದೆ.’